ಅಮ್ಮ ಹಸನು ಮಾಡಿದ ದ್ರಾಕ್ಷಿ

ಕಾಪುವಿನಿಂದ

ನಮ್ಮ ಕಡೆ ದ್ರಾಕ್ಷಿ ಎಂದರೆ ಕಾಯಿಲೆಯವರ ಹಣ್ಣು. ಮಣಿಪಾಲದ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಗೇಟಿನೆದುರು ಒಂದು ಗೊಂಚಲು ಕಟ್ಟಿಸಿಕೊಂಡು ಹೋಗುತ್ತೇವೆ. ರೋಗಿ ಎರಡು ಬಾಯಿಗೆ ಹಾಕಿಕೊಳ್ಳುತ್ತಾನೆ, ಉಳಿದದ್ದನ್ನು ನೋಡಲು ಹೋದ ನಾವೇ ಮಾತಾಡುತ್ತಾ ತಿಂದು ಮುಗಿಸುತ್ತೇವೆ. ಅದು ಎಲ್ಲಿ ಬೆಳೆಯಿತು, ಎಷ್ಟು ಬಿಸಿಲು ಕಂಡಿತು, ಎಷ್ಟು ಮಳೆ ಕುಡಿಯಿತು ಎಂದು ಕೇಳಿದವರಿಲ್ಲ. ಹುಳಿಯಿದ್ದರೆ ಮಾರಿದವನಿಗೆ ಬೈದು ಸುಮ್ಮನಾಗುತ್ತೇವೆ. ಅಂಥ ದ್ರಾಕ್ಷಿಯ ಒಂದು ವರ್ಷದ ಬೆಳೆಗೆ ನಮ್ಮ ಮನೆಯ ಮಗಳ ಬದುಕು ಜೋತುಬೀಳುತ್ತದೆ ಎಂದು ಯಾರಾದರೂ ಹೇಳಿದ್ದರೆ, ಹೋಗು ಮಾರಾಯ ಎಂದು ನಕ್ಕುಬಿಡುತ್ತಿದ್ದೆ.

ಮಗಳು ಎಂದರೆ ನನ್ನ ತಂಗಿ ಸುಮತಿ. ಮಣಿಪಾಲದಲ್ಲಿ ನರ್ಸಿಂಗ್ ಕಲಿತವಳು ಎಪ್ಪತ್ತರ ದಶಕದ ಆರಂಭದಲ್ಲಿ ಜರ್ಮನಿಯ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಅಲ್ಲಿ ಕಾಲು ಮುರಿದುಕೊಂಡು ಬಂದು ಮಲಗಿದ್ದ ಪೀಟರ್ ಎಂಬ ದ್ರಾಕ್ಷಿ ಬೆಳೆಗಾರನಿಗೆ ಮೊದಲು ನಡೆಯಲು ಕಲಿಸಿದಳು, ಆಮೇಲೆ ಅವನನ್ನೇ ಮದುವೆಯಾದಳು. ಸುದ್ದಿ ಬಂದಾಗ ಅಮ್ಮ ಒಂದು ತಿಂಗಳು ಅತ್ತಳು, ಮುಂದಿನ ತಿಂಗಳು ಬೈದಳು, ಅದರ ಮುಂದಿನ ತಿಂಗಳು ಒಣ ಸೀಗಡಿಯ ಚಟ್ನಿಪುಡಿ ಮಾಡಿ ಅಳಿಯನಿಗೆ ಕಳಿಸಿಕೊಟ್ಟಳು. ಅವರಿಗೆ ಮಕ್ಕಳಾಗಲಿಲ್ಲ. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾದಾಗ, ಒಂದು ಜನವರಿಯಲ್ಲಿ, ಹಿಮ ಕಟ್ಟಿದ ರಸ್ತೆಯಲ್ಲಿ ಪೀಟರನ ಗಾಡಿ ಜಾರಿ ಗೋಡೆಗೆ ಬಡಿದು ಅವನು ತೀರಿಕೊಂಡ.

ಅಮ್ಮ ಕಾಪುವಿನ ಮೀನು ಮಾರುವ ಹೆಂಗಸು. ಅಪ್ಪ ಹೋದ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಕೊಟ್ಟು ನಮ್ಮಿಬ್ಬರನ್ನೂ ಓದಿಸಿದವಳು. ಅಳಿಯನ ಸುದ್ದಿ ಕೇಳಿದ ದಿನ ಅವಳು ಹೇಳಿದ್ದು ಒಂದೇ ಮಾತು: "ಹೋಗಿ ಅವಳನ್ನು ಕರ್ಕೊಂಡು ಬರುವ. ಅಲ್ಲಿ ಇನ್ನು ಅವಳಿಗೆ ಯಾರುಂಟು?" ಸುಮತಿ ನಮ್ಮಿಬ್ಬರಿಗೂ ಟಿಕೆಟ್ ಕಳಿಸಿದಳು, ಆದರೆ ಅಕ್ಟೋಬರಿನಲ್ಲಿ, ಕೊಯ್ಲಿನ ಹೊತ್ತಿಗೆ ಬನ್ನಿ ಎಂದು ಬರೆದಳು. ನಾನು ಕಾರ್ಕಳದಲ್ಲಿ ಹೈಸ್ಕೂಲ್ ಮೇಷ್ಟ್ರು. ದಸರಾ ರಜೆಯ ಬಾಲಕ್ಕೆ ಇನ್ನಷ್ಟು ರಜೆ ಕಟ್ಟಿಕೊಂಡು ಹೊರಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಅಮ್ಮನ ಬೈಗುಳಗಳು ಮಾತ್ರ ಕನ್ನಡಕ್ಕೆ ಒಗ್ಗುವಂಥವಲ್ಲ, ಆದ್ದರಿಂದ ಬಿಟ್ಟಿದ್ದೇನೆ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅಮ್ಮನ ಗಂಟು ಬಿಚ್ಚಿಸಿದ. ಒಳಗೆ ಒಣ ಬಂಗುಡೆ ಮೀನು ಇತ್ತು. ಬೇಡ ಎಂದು ನಾನು ಕಾಪುವಿನಲ್ಲೇ ಬಾಯಿ ಒಣಗುವಷ್ಟು ಹೇಳಿದ್ದೆ. ಮೂರು ಸುತ್ತು ಪ್ಲಾಸ್ಟಿಕ್, ಎರಡು ಸುತ್ತು ಹಳೆಯ ಸೀರೆ ದಾಟಿ ವಾಸನೆ ಹೊರಗೆ ಬಂದಾಗ ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಎರಡೂ ಕೈಯಿಂದ, ಹೋಗಿ, ಬೇಗ ಹೋಗಿ ಎಂದು ಸನ್ನೆ ಮಾಡಿದ.

"ಒಳ್ಳೆ ಜನ," ಎಂದಳು ಅಮ್ಮ. "ಒಂದೂ ಮುಟ್ಟಲಿಲ್ಲ ನೋಡು. ನಮ್ಮವರಾದ್ರೆ ನಾಲ್ಕು ಎತ್ತಿ ಇಟ್ಕೊಳ್ತಿದ್ರು."

ಸುಮತಿ ಹೊರಗೆ ಬೂದು ಬಣ್ಣದ ಕೋಟಿನಲ್ಲಿ ನಿಂತಿದ್ದಳು. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಳು. ಅಮ್ಮ ಅವಳನ್ನು ತಬ್ಬಿಕೊಳ್ಳಲಿಲ್ಲ. ನೇರ ಹೋಗಿ ಆ ಕೂದಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇದು ಎಂತ ಮಾಡಿಕೊಂಡದ್ದು ಮಗಾ?"

"ಬಾಚ್ಲಿಕ್ಕೆ ಮನಸ್ಸಾಗ್ತಿರಲಿಲ್ಲ ಅಮ್ಮ," ಎಂದಳು ಸುಮತಿ. ಅಷ್ಟರಲ್ಲಿ ಇಬ್ಬರೂ ಅಳಲು ಶುರುಮಾಡಿದ್ದರು. ನಾನು ಬಂಗುಡೆಯ ಗಂಟು ಹಿಡಿದುಕೊಂಡು ಬೇರೆ ಕಡೆ ನೋಡುತ್ತಾ ನಿಂತೆ.

ನದಿಯ ಊರು

ಸುಮತಿಯ ಊರು ಮೋಸೆಲ್ ಎಂಬ ನದಿಯ ತಿರುವಿನಲ್ಲಿ ಇದೆ. ಊರಿನ ಹೆಸರು ಬೇಡ. ನದಿ, ನದಿಗೆ ತಾಗಿ ಒಂದು ರಸ್ತೆ, ರಸ್ತೆಗೆ ತಾಗಿ ಮನೆಗಳು, ಮನೆಗಳ ಬೆನ್ನಿಗೇ ಎದ್ದು ನಿಂತ ಗುಡ್ಡ. ಬಜಗೋಳಿಯಿಂದ ಕುದುರೆಮುಖದ ಕಡೆಗೆ ಹತ್ತುವ ಚಡಾವು ಕಂಡವನು ನಾನು. ಇದರ ಮುಂದೆ ಅದು ಅಂಗಳ. ಈ ಗೋಡೆಯಂಥ ಗುಡ್ಡದ ತುಂಬಾ ದ್ರಾಕ್ಷಿ. ಚಪ್ಪರ ಗಿಪ್ಪರ ಇಲ್ಲ. ಒಂದೊಂದು ಬಳ್ಳಿಗೂ ಒಂದೊಂದು ಗೂಟ, ನಮ್ಮಲ್ಲಿ ವೀಳ್ಯದೆಲೆ ಬಳ್ಳಿಗೆ ಕೊಡುವ ಹಾಗೆ. ನೆಲವೆಂದರೆ ಮಣ್ಣಲ್ಲ, ಕಪ್ಪು ಕಲ್ಲಿನ ತೆಳು ಚೂರುಗಳು. ಕಾಲಿಟ್ಟರೆ ಜಾರುತ್ತವೆ. ಅಮ್ಮ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿದಳು.

"ನಾನು ಹತ್ತುದಿಲ್ಲಪ್ಪ. ಹತ್ತಿದ್ರೆ ನನ್ನ ಪ್ರಾಣ ಮೇಲೆಯೇ ಉಳೀತದೆ," ಎಂದು ಅಡುಗೆಮನೆ ಸೇರಿಕೊಂಡಳು.

ಮನೆಯಲ್ಲಿ ಇನ್ನೊಬ್ಬರಿದ್ದದ್ದು ಪೀಟರನ ಅಪ್ಪ ಯೋಸೆಫ್. ಎಪ್ಪತ್ತು ದಾಟಿದ, ಮಂಡಿ ಸವೆದ, ದೊಡ್ಡ ಕಿವಿಗಳ ಮನುಷ್ಯ. ಅವರಿಗೆ ತುಳು ಬಾರದು, ಅಮ್ಮನಿಗೆ ಜರ್ಮನ್ ಬಾರದು. ಆದರೂ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿಗೆ ಕುಳಿತು ಬಟಾಟೆ ಸುಲಿಯುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಮ್ಮ ಅವರನ್ನು "ಬೀಗರೇ" ಎಂದು ಕರೆದರೆ ಅವರು "ಯಾ, ಯಾ" ಎನ್ನುತ್ತಿದ್ದರು. ಅವರು ಬೆಳಿಗ್ಗೆ ಎದ್ದೊಡನೆ ಬಾಗಿಲು ತೆರೆದು ಆಕಾಶ ನೋಡುವುದನ್ನು ಕಂಡ ಮೇಲಂತೂ ಅಮ್ಮನಿಗೆ ಅವರ ಮೇಲೆ ಗೌರವ ಹೆಚ್ಚಾಯಿತು.

"ನಮ್ಮವರ ಹಾಗೆಯೇ ಮಗಾ," ಎಂದಳು. "ಮುಖ ತೊಳೆಯುವ ಮೊದಲು ಮೋಡ ನೋಡ್ತಾರೆ."

ಅದು ನಿಜವೇ. ಆ ಊರಿನಲ್ಲಿ ಹವೆಯ ಮಾತು ಲೋಕಾಭಿರಾಮದ ಮಾತಲ್ಲ. ನಮ್ಮ ಎರ್ಮಾಳಿನ ಕಡಲ ತೀರದಲ್ಲಿ ಇಬ್ಬರು ಎದುರಾದರೆ ಮೊದಲು "ಕಡಲು ಹೇಗುಂಟು" ಎಂದು ಕೇಳುತ್ತಾರಲ್ಲ, ಹಾಗೆ ಅಲ್ಲಿ ಅಂಗಡಿಯಲ್ಲಿ, ಇಗರ್ಜಿಯ ಬಾಗಿಲಲ್ಲಿ, ಅಂಚೆಯವಳ ಹತ್ತಿರ, ಎಲ್ಲರೂ ಕೇಳುವುದು ಮಂಜು ಎಷ್ಟು ಹೊತ್ತಿಗೆ ಎದ್ದಿತು, ಬಿಸಿಲು ಎಷ್ಟು ಹೊತ್ತಿಗೆ ಬಿತ್ತು ಎಂದು.

ಅಮ್ಮ ದಿನಾ ಊಟದ ಹೊತ್ತಿಗೆ ಒಂದೇ ರಾಗ ಎಳೆಯುತ್ತಿದ್ದಳು. "ಹೋಗುವ ಮಗಾ, ಸಾಕು. ಮಣಿಪಾಲದಲ್ಲಿ ನಿನಗೆ ಕೆಲಸ ಸಿಗ್ಲಿಕ್ಕಿಲ್ವಾ? ಬೀಗರಿಗೆ ಬೇಜಾರಾಗ್ತದೆ, ಗೊತ್ತುಂಟು. ಆದ್ರೆ ನಿನ್ನ ಮನೆ ಅಲ್ಲಿ ಅಲ್ವಾ?"

"ಕೊಯ್ಲು ಮುಗೀಲಿ ಅಮ್ಮ. ಆಮೇಲೆ ಹೇಳ್ತೇನೆ," ಎನ್ನುತ್ತಿದ್ದಳು ಸುಮತಿ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಅಮ್ಮ ನನ್ನ ಕಡೆ ನೋಡುವಳು. ನಾನು ಬಟಾಟೆಯ ಕಡೆ ನೋಡುವೆನು.

ಪೀಟರನ ತುಂಡು

ಒಂದು ಮಧ್ಯಾಹ್ನ ಸುಮತಿ ನನ್ನನ್ನು ಗುಡ್ಡ ಹತ್ತಿಸಿದಳು. ನಾಲ್ಕು ಕಡೆ ಕೂತು, ಎರಡು ಕಡೆ ಬಿದ್ದು, ಒಂದು ಕಡೆ ಅಂಬೆಗಾಲಿಟ್ಟು ತಲುಪಿದೆ. ಊರಿಗೆ ಊರೇ ಕೆಳಗಿನಿಂದ ನೋಡುತ್ತಿದೆ ಎಂದು ನನಗನ್ನಿಸಿತು. ಮೇಲೆ, ಗುಡ್ಡದ ಹೊಟ್ಟೆಯ ಹತ್ತಿರ, ಐದಾರು ಸಾಲಿನ ಒಂದು ಸಣ್ಣ ತುಂಡು. ಪೀಟರ್ ಹುಡುಗನಾಗಿದ್ದಾಗ ತನ್ನ ಕೈಯಾರೆ ನೆಟ್ಟದ್ದು ಅದೊಂದೇ. ಉಳಿದದ್ದೆಲ್ಲ ಅಪ್ಪ ಅಜ್ಜಂದಿರದು.

ಹತ್ತಿರ ಹೋಗಿ ಗೊಂಚಲುಗಳನ್ನು ನೋಡಿದೆ. ಅರ್ಧ ಹಣ್ಣು ಬಂಗಾರದ ಬಣ್ಣದ್ದು, ಸರಿ. ಉಳಿದರ್ಧ ಕಂದಿ, ಸುಕ್ಕುಗಟ್ಟಿ, ಬೂದು ರೋಮ ಬಂದು, ಮಳೆಗಾಲದಲ್ಲಿ ಅಟ್ಟದ ಮೂಲೆಯಲ್ಲಿ ಮರೆತ ನಿಂಬೆಹಣ್ಣಿನ ಹಾಗೆ ಇತ್ತು.

"ಪೂರಾ ಹೋಯ್ತಲ್ಲ ಮಾರಾಯ್ತಿ!" ಎಂದೆ.

ಸುಮತಿ ನಕ್ಕಳು. ನಾವು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಒಂದು ಸುಕ್ಕುಹಣ್ಣು ಕಿತ್ತು ನನ್ನ ಬಾಯಿಗೆ ಹಾಕಿದಳು. ಬೇಡ ಎನ್ನುವಷ್ಟರಲ್ಲಿ ನಾಲಗೆಯ ಮೇಲೆ ಜೇನು. ಬರೀ ಜೇನಲ್ಲ, ಅದರ ಹಿಂದೆ ಸಣ್ಣ ಹುಳಿ, ಅದರ ಹಿಂದೆ ಎಂಥದೋ ಹೊಗೆಯಂಥ ಪರಿಮಳ.

"ಒಣಮೀನಿನ ಹಾಗೆ ಅಂತ ತಿಳ್ಕೋ ಅಣ್ಣ," ಎಂದಳು. "ಈ ಬೂಷ್ಟು ಸಿಪ್ಪೆಗೆ ಕಣ್ಣಿಗೆ ಕಾಣದ ತೂತು ಮಾಡ್ತದೆ. ನೀರೆಲ್ಲ ಹೋಗ್ತದೆ, ಸತ್ವ ಉಳೀತದೆ. ಈ ಕೊಳೆತದ್ದನ್ನೇ ಒಂದೊಂದಾಗಿ ಆರಿಸಿ ಬೇರೆ ಹಿಂಡ್ಬೇಕು. ಒಂದು ಸಣ್ಣ ಪೀಪಾಯಿಯೂ ತುಂಬುದಿಲ್ಲ. ಆದ್ರೆ ಅಂಥ ವೈನು ಬೇರೆ ಇಲ್ಲ."

ಆ ಕೊಳೆಗೆ ಅವರು ದೊಡ್ಡ ಮನೆತನದ ಕೊಳೆ ಎಂಬಂಥ ಹೆಸರು ಇಟ್ಟಿದ್ದಾರಂತೆ. ಕೊಳೆತದ್ದರಲ್ಲೂ ಮೇಲುಕುಲ ಕೀಳುಕುಲ! ಆದರೆ ಅದು ಬರಬೇಕಾದರೆ ವರ್ಷವಿಡೀ ಆಕಾಶ ಹೇಳಿದ ಹಾಗೆ ಕೇಳಬೇಕು. ಪೀಟರ್ ಮದುವೆಗೆ ಮೊದಲಿನಿಂದಲೂ ಇದಕ್ಕಾಗಿ ಕಾದಿದ್ದ. ಒಂದು ವರ್ಷ ಸೆಪ್ಟೆಂಬರಿನಲ್ಲಿ ಬಿಡದೆ ಮಳೆ ಹಿಡಿದು ಒಳ್ಳೆಯ ಕೊಳೆಯ ಬದಲು ಕೆಟ್ಟ ಕೊಳೆ ಬಂತು, ಎಲ್ಲ ವಿನೆಗರಾಯಿತು. ಇನ್ನೊಂದು ವರ್ಷ ಒಣ ಬಿಸಿಲು, ಮಂಜೇ ಏಳಲಿಲ್ಲ, ಹಣ್ಣಿಗೆ ಒಂದು ಚುಕ್ಕಿಯೂ ಬೀಳಲಿಲ್ಲ. ಮತ್ತೊಂದು ವರ್ಷ ಎಲ್ಲ ಸರಿಯಿದ್ದು ಕೊನೆಗೆ ಆಲಿಕಲ್ಲು.

"ಈ ವರ್ಷದ್ದು ಕೇಳು," ಎಂದು ಅವಳು ಒಂದು ಕಲ್ಲಿನ ಮೇಲೆ ಕುಳಿತಳು. ಮೇ ತಿಂಗಳಲ್ಲಿ ಅವರಿಗೆ ಕೆಲವು ಸಂತರ ದಿನಗಳುಂಟು. ಅವು ದಾಟುವವರೆಗೆ ಹಿಮದ ಭಯ. ನಮ್ಮಲ್ಲಿ ಮೇ ಕೊನೆಗೆ ಪತ್ತನಾಜೆ ಬಂದರೆ ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ಕಟ್ಟಿಟ್ಟು ಮಳೆಗೆ ತಯಾರಾಗುತ್ತೇವಲ್ಲ, ಹಾಗೆ ಅದು ಅವರ ಗಡು. ಈ ವರ್ಷ ಆ ದಿನಗಳಲ್ಲೇ ಹಿಮ ಬಿದ್ದು ನದಿಯ ಹತ್ತಿರದ ಚಿಗುರೆಲ್ಲ ಸುಟ್ಟುಹೋಯಿತು. ಎತ್ತರದಲ್ಲಿದ್ದ ಪೀಟರನ ತುಂಡು ಉಳಿಯಿತು. ಜೂನಿನಲ್ಲಿ ಹೂ ಬಿಟ್ಟಾಗ ಮಳೆ. ಅರ್ಧ ಹೂ ಉದುರಿತು. ಊರೆಲ್ಲ ಗೋಳಾಡಿತು. ಆದರೆ ಗೊಂಚಲು ವಿರಳವಾದದ್ದೇ ಒಳ್ಳೆಯದಾಯಿತು, ಹಣ್ಣಿನ ನಡುವೆ ಗಾಳಿಯಾಡಿತು. ಜುಲೈಯಲ್ಲಿ ಉರಿಬಿಸಿಲು. ಆಗಸ್ಟಿನಲ್ಲಿ ಬೇಕಾದಷ್ಟೇ ಮಳೆ. ಸೆಪ್ಟೆಂಬರಿನಿಂದ ದಿನಾ ಬೆಳಿಗ್ಗೆ ನದಿಯಿಂದ ಮಂಜು ಎದ್ದು ಈ ಸಾಲುಗಳವರೆಗೆ ಹತ್ತುತ್ತದೆ, ಮಧ್ಯಾಹ್ನದ ಮೊದಲು ಬಿಸಿಲು ಅದನ್ನು ಒಣಗಿಸುತ್ತದೆ. ಮಂಜಿಗೆ ಬೂಷ್ಟು, ಬಿಸಿಲಿಗೆ ಸಕ್ಕರೆ.

"ಅವನು ಕಾದ ವರ್ಷ ಇದು ಅಣ್ಣ," ಎಂದಳು. "ಅವನು ಹೋದ ಮೇಲೆ ಬಂತು."

ನಾನೂ ಅವಳ ಪಕ್ಕ ಕುಳಿತೆ. ಕೈಯಡಿಯ ಕಲ್ಲು ಬೆಚ್ಚಗಿತ್ತು. ಕಾರ್ಕಳದಲ್ಲಿ ಸಂಜೆ ಪಾದೆಯ ಮೇಲೆ ಕುಳಿತಾಗ ಬಂಡೆ ಹೀಗೆಯೇ ಬೆಚ್ಚಗಿರುತ್ತದೆ.

"ಮಾವ ಮುದುಕರಾದರು. ಈ ಗುಡ್ಡವನ್ನು ಪಕ್ಕದವರಿಗೆ ವಹಿಸಿಬಿಡ್ತೇನೆ ಅಂತಾರೆ. ಈ ವೈನು ಆದ್ರೆ ಬಿಡುದಿಲ್ಲ, ನಾನು ನೋಡಿಕೊಳ್ತೇನೆ, ಇಲ್ಲೇ ಇರ್ತೇನೆ ಅಂತ ನಾನು ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ಆಗದಿದ್ರೆ..." ಅವಳು ಒಂದು ಕಲ್ಲಿನ ಚೂರು ಎತ್ತಿ ಕೆಳಗೆ ಎಸೆದಳು. "ಅಮ್ಮನಿಗೆ ಹೇಳ್ಬೇಡ. ಇದು ಸರಿಯಾದ್ರೆ ಮಗಳು ಬರುದಿಲ್ಲ ಅಂತ ಗೊತ್ತಾದ್ರೆ ಅವಳು ಕೂತಲ್ಲೇ ಕೊರಗ್ತಾಳೆ."

ನಾನು ಹೇಳಲಿಲ್ಲ. ಗುಡ್ಡ ಹತ್ತದ ಹೆಂಗಸಿಗೆ ದ್ರಾಕ್ಷಿಯ ಸುದ್ದಿ ಎಂತಕ್ಕೆ ಎಂದು ನನಗೂ ಅನಿಸಿತು.

ಶನಿವಾರದ ಊಟ

ರೇಡಿಯೋದವರು ಬರುವ ವಾರದ ನಡುವೆ ಮಳೆ ಎಂದರು. ಅವತ್ತು ಯೋಸೆಫ್ ಗುಡ್ಡದಿಂದ ಒಂದು ಗೊಂಚಲು ತಂದು, ಊಟದ ಮೇಜಿನ ಮೇಲೆ ಸುಮತಿಯ ತಟ್ಟೆಯ ಪಕ್ಕ ಧೊಪ್ಪನೆ ಹಾಕಿ, ಬೆರಳಿನಿಂದ ಕೊಳೆತ ಹಣ್ಣನ್ನು ತೋರಿಸುತ್ತಾ ಗಟ್ಟಿಯಾಗಿ ಮಾತಾಡಿದರು. ಸೋಮವಾರವೇ ಕೊಯ್ಯಬೇಕು, ಮಳೆ ಬಿದ್ದರೆ ಎಲ್ಲ ತೊಳೆದುಹೋಗುತ್ತದೆ ಎಂಬುದು ಅವರ ಮಾತು ಎಂದು ನನಗೆ ಆಮೇಲೆ ಸುಮತಿಯಿಂದ ತಿಳಿಯಿತು. ಇನ್ನೊಂದು ದಿನದ ಬಿಸಿಲು ಬೇಕು, ಮಂಗಳವಾರ ಕೊಯ್ಯುವ ಎಂದು ಸುಮತಿ. ಅವಳೂ ಧ್ವನಿ ಏರಿಸಿದಳು, ಕಣ್ಣಲ್ಲಿ ನೀರು ಬಂತು. ಕೊನೆಗೆ ಮುದುಕರು ಕೈ ಚೆಲ್ಲಿ, ಸರಿ, ಮಂಗಳವಾರ ಎಂದರು.

ಅಮ್ಮನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅವಳು ಕಂಡದ್ದು ಇಷ್ಟೆ: ಬೀಗರು ಕೊಳೆತ ಹಣ್ಣು ತಂದು ಮಗಳ ಮುಂದೆ ಎಸೆದು ಬೈದರು, ಮಗಳು ಅತ್ತಳು.

"ಎಂತಕ್ಕೆ ಬೈದದ್ದು ಅವರು? ಬೆಳೆ ಕೊಳೀತು ಅಂತವಾ?"

"ಎಂತ ಇಲ್ಲ ಅಮ್ಮ, ನೀನು ಊಟ ಮಾಡು," ಎಂದಳು ಸುಮತಿ.

"ಗಂಡ ಸತ್ತವಳು ಒಬ್ಬಳೇ ಅಷ್ಟು ಗುಡ್ಡ ನೋಡ್ಲಿಕ್ಕೆ ಆಗ್ತದಾ? ಕೊಳೀದೆ ಎಂತ ಮಾಡ್ತದೆ?" ಎಂದು ಅಮ್ಮ ಯೋಸೆಫರ ಮುಖಕ್ಕೇ ತುಳುವಿನಲ್ಲಿ ಹೇಳಿದಳು. ಅವರು "ಯಾ, ಯಾ" ಎಂದು ದಣಿದ ಧ್ವನಿಯಲ್ಲಿ ತಲೆಯಾಡಿಸಿದರು.

ಸೋಮವಾರ

ಬೆಳಿಗ್ಗೆ ಸುಮತಿ ಆಸ್ಪತ್ರೆಯ ಕೆಲಸಕ್ಕೆ ಹೋದಳು. ಮರುದಿನ ಕೊಯ್ಲಿಗೆ ಬರುವವರಿಗೆ ಹೇಳಿಬರಲು ಯೋಸೆಫ್ ಪಕ್ಕದ ಹಳ್ಳಿಗಳಿಗೆ ಹೊರಟರು. ನೋಡಿ ಬರುವ ಎಂದು ನಾನೂ ಗಾಡಿ ಹತ್ತಿದೆ. ಅಲ್ಲಿ ಯಾರ ಮನೆಗೆ ಹೋದರೂ ಕೂರಿಸಿ ಒಂದು ಲೋಟ ವೈನು ಕೊಡುತ್ತಾರೆ, ನಮ್ಮಲ್ಲಿ ಬೆಲ್ಲ ನೀರು ಕೊಡುವ ಹಾಗೆ. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಹಿಂದೆ ಬರುವಾಗ ಮಧ್ಯಾಹ್ನ ಸಾಕಷ್ಟು ಇಳಿದಿತ್ತು.

ಅಮ್ಮ ಗುಡ್ಡದ ಬುಡದಲ್ಲಿ ನಿಂತಿದ್ದಳು. ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದಳು, ಕಾಲಲ್ಲಿ ಯೋಸೆಫರ ಬೂಟು, ತಲೆಯ ಮೇಲೆ ಟವೆಲಿನ ಸಿಂಬಿ. ಕೈ ಮೊಣಕೈಯವರೆಗೆ ಕಂದು ಬಣ್ಣ. ಮುಖ ಮಾತ್ರ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು.

"ಬನ್ನಿ ಬೀಗರೇ, ಈಗ ನೋಡಿ," ಎಂದಳು. "ನನ್ನ ಮಗಳಿಗೆ ಇನ್ನು ಬೈಬೇಡಿ. ಮಕ್ಕಳು ಆ ದಿನ ಹತ್ತಿಹೋದ ಆ ಮೇಲಿನ ತುಂಡಿನಲ್ಲಿ ಒಂದೇ ಒಂದು ಕೊಳೆತದ್ದು ಇಲ್ಲ. ಎಲ್ಲ ಆರಿಸಿ ತೆಗೆದು ಹಸನು ಮಾಡಿದ್ದೇನೆ."

ನಾನು ಗಾಡಿಯಿಂದ ಇಳಿದೆ. "ತೆಗೆದದ್ದು ಎಲ್ಲಿ ಅಮ್ಮ?"

"ಹೊಳೆಗೆ ಹಾಕಿದೆ. ಕೊಳೆತದ್ದನ್ನು ಬುಡದಲ್ಲಿ ಬಿಡ್ತಾರಾ? ಒಳ್ಳೆದಕ್ಕೂ ಹತ್ತುದಿಲ್ವಾ? ಎಷ್ಟು ಸಲ ಹೊತ್ತೆ ಗೊತ್ತುಂಟಾ? ಮೊಣಕಾಲು ಹೋಯ್ತು ಮಗಾ." ಪಕ್ಕದ ಮನೆಯ ಹೆಂಗಸು ತಲೆಯ ಮೇಲಿನ ಬುಟ್ಟಿ ನೋಡಿ ಚಪ್ಪಾಳೆ ತಟ್ಟಿದಳಂತೆ. ಅದನ್ನೂ ಹೇಳಿದಳು.

ಒಂದು ಕೆಟ್ಟ ಬೂತಾಯಿ ಮೀನು ಇದ್ದರೆ ಬುಟ್ಟಿಯೇ ಕೆಟ್ಟಿತು ಎನ್ನುವ ಕಸುಬಿನಲ್ಲಿ ಆಯುಷ್ಯ ಕಳೆದವಳು ನನ್ನ ಅಮ್ಮ. ಅವಳ ಬೆರಳಿಗೆ ಗೊತ್ತಿದ್ದ ಒಂದೇ ಧರ್ಮ ಅದು. ಮಗಳ ಮಾನ ಉಳಿಸಲು ಬಿದ್ದು ಎದ್ದು ಆ ಗುಡ್ಡ ಹತ್ತಿದ್ದಳು.

ಯೋಸೆಫರಿಗೆ ನಾನು ಹರಕು ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ. ಅವರು ಅಮ್ಮನ ಕೈ ನೋಡಿದರು, ಖಾಲಿ ಬುಟ್ಟಿ ನೋಡಿದರು, ಗುಡ್ಡದ ಕಡೆ ನೋಡಿದರು. ಬುಟ್ಟಿಯ ಹೆಣಿಗೆಯಲ್ಲಿ ಒಂದೇ ಒಂದು ಸುಕ್ಕುಹಣ್ಣು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡರು. ಟೋಪಿ ತೆಗೆದರು. ಆಮೇಲೆ ಗೋಡೆಗೆ ಒರಗಿ, ಮಗ ಸತ್ತ ದಿನವೂ ಅಳಲಿಲ್ಲವೆಂದು ಸುಮತಿ ಹೇಳಿದ್ದ ಆ ಮನುಷ್ಯ, ಶಬ್ದ ಮಾಡಿ ಅತ್ತರು.

ಅಮ್ಮನ ಮುಖದ ಬೆಳಕು ಹೋಯಿತು. "ಎಂತಾಯ್ತು ಮಗಾ? ನಾನು ಎಂತ ಮಾಡಿದೆ?"

ಹೇಳದೆ ಉಪಾಯವಿರಲಿಲ್ಲ. ಹೇಳಿದೆ. ಪೀಟರ್ ಕಾದದ್ದು, ಈ ವರ್ಷ ಬಂದದ್ದು, ಆ ಕೊಳೆತದ್ದೇ ಬೆಳೆ ಎಂಬುದು. ಸುಮತಿ ಅಲ್ಲಿ ಉಳಿಯುವುದು ಅದರ ಮೇಲೆ ನಿಂತಿತ್ತು ಎಂಬುದನ್ನೂ ಹೇಳಿದೆ. ಆ ಹೊತ್ತಿಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸುವ ಶಕ್ತಿ ನನಗಿರಲಿಲ್ಲ. ಅಮ್ಮ ಪೂರ್ತಿ ಕೇಳಿದಳು. ಖಾಲಿ ಬುಟ್ಟಿ ಎತ್ತಿಕೊಂಡಳು. ರಸ್ತೆ ದಾಟಿ, ದಂಡೆ ಇಳಿದು, ಆ ಚಳಿಯಲ್ಲಿ ಸೊಂಟದವರೆಗೆ ನದಿಗೆ ಇಳಿದಳು. ನೀರಿನಲ್ಲಿ ಬುಟ್ಟಿ ಮುಳುಗಿಸುವುದು, ಎತ್ತುವುದು, ನೋಡುವುದು. ಎಲೆ ಬರುತ್ತಿತ್ತು, ಕಡ್ಡಿ ಬರುತ್ತಿತ್ತು. ನಾನು ಕೂಗಿದರೂ ತಿರುಗಲಿಲ್ಲ.

ಕೆಲಸ ಮುಗಿಸಿ ಬಂದ ಸುಮತಿ ಕಂಡದ್ದು ಇದನ್ನು. ನಾನು ಹೇಳಿದ್ದನ್ನು ಅರ್ಧ ಕೇಳಿದಳು. ಆಸ್ಪತ್ರೆಯ ಬಿಳಿ ಬೂಟಿನಲ್ಲೇ ನೀರಿಗೆ ಇಳಿದು ಅಮ್ಮನ ರಟ್ಟೆ ಹಿಡಿದು ದಂಡೆಗೆ ತಂದಳು. ಬೈಯಲಿಲ್ಲ. ಮನೆಗೆ ತಂದು, ಒದ್ದೆ ಸೀರೆ ಬಿಡಿಸಿ, ಕಾಲಿಗೆ ಬಿಸಿನೀರು ಹಾಕಿ ಉಜ್ಜಿದಳು, ರೋಗಿಗೆ ಮಾಡುವ ಹಾಗೆ. ಆಮೇಲೆ ಒಬ್ಬಳೇ ಗುಡ್ಡ ಹತ್ತಿಹೋದಳು. ಅವಳು ಅಲ್ಲಿ ಕುಳಿತದ್ದು ಕೆಳಗಿನಿಂದ ಕಾಣುತ್ತಿತ್ತು. ನಾನು ಹತ್ತಲು ಹೋಗಲಿಲ್ಲ.

ಮಳೆಗೆ ಕಾದದ್ದು

ಸಂಜೆ ಪಡುವಣದ ಗುಡ್ಡದ ಮೇಲೆ ಮೋಡ ಕಟ್ಟಿತು. ಕಪ್ಪು ಮೋಡ, ಒಳ್ಳೆಯ ಮೋಡ, ನಮ್ಮ ಜೂನಿನದ್ದರ ಹಾಗೆ. ಯೋಸೆಫ್ ಬಾಗಿಲಲ್ಲಿ ನಿಂತರು. ಗುಡ್ಡದಿಂದ ಇಳಿದು ಬಂದ ಸುಮತಿಯೂ ನಿಂತಳು. ಅವಳು ಒಮ್ಮೆ ಮೋಡ ನೋಡಿ ಒಮ್ಮೆ ಅಮ್ಮನನ್ನು ನೋಡಿದಳು.

"ಮಳೆ ಬರ್ತದೆ ಅಮ್ಮ," ಎಂದಳು. "ನೋಡು, ಮಾವ ಹೇಳಿದ್ದೇ ಸರಿ. ಇವತ್ತು ರಾತ್ರಿ ಬಂದೇ ಬರ್ತದೆ. ನೀನು ಮುಟ್ಟದಿದ್ರೂ ನಾಳೆಗೆ ಎಲ್ಲ ತೊಳೆದುಹೋಗ್ತಿತ್ತು. ನಾನೇ ಒಂದು ದಿನ ತಡ ಮಾಡಿದ್ದು."

ಅಮ್ಮ ಕಂಬಳಿ ಹೊದ್ದುಕೊಂಡು ಕಿಟಕಿಯ ಹತ್ತಿರ ಕುಳಿತು, "ಒಂದು ಮಳೆ ಕೊಡಮ್ಮ, ಒಂದೇ ಒಂದು," ಎಂದು ಕಾಪುವಿನ ಮಾರಿಯಮ್ಮನನ್ನು ಬೇಡುತ್ತಿದ್ದದ್ದು ನನಗೆ ಕೇಳಿಸಿತು. ನಾನೂ ಬೇಡಿದೆ. ಇಗರ್ಜಿಯ ಕಡೆ ಮುಖ ಮಾಡಿ ನಿಂತಿದ್ದ ಯೋಸೆಫರೂ ಬೇಡಿರಬೇಕು. ಕೊಯ್ಲಿನ ಮುನ್ನಾದಿನ ದ್ರಾಕ್ಷಿಯ ಮನೆಯೊಂದರಲ್ಲಿ ನಾಲ್ಕು ಜನ ಸೇರಿ ಮಳೆ ಬರಲಿ ಎಂದು ಬೇಡಿಕೊಂಡದ್ದು ಆ ನದಿಯ ದಡದಲ್ಲಿ ಅದೇ ಮೊದಲಿರಬೇಕು. ಮಳೆ ಬಂದರೆ ತಪ್ಪು ಯಾರದೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಕಿಟಕಿ ತೆರೆದರೆ ಮೋಡದ ಸುಳಿವೇ ಇಲ್ಲ. ಮಂಜು ಎದ್ದಿತು, ಗುಡ್ಡ ಹತ್ತಿತು, ಸೂರ್ಯ ಬಂದು ಅದನ್ನು ಒಣಗಿಸಿದ. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಅಷ್ಟು ಚಂದದ ಬಿಸಿಲು ಇಡೀ ವರ್ಷದಲ್ಲಿ ಬಿದ್ದಿರಲಿಲ್ಲ ಎಂದು ಊರೇ ಹಾಡಿತು. ನನಗೆ ಆ ಬಿಸಿಲಿನ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಉಳಿದ ಹಣ್ಣು ಕೊಯ್ದರು, ಹಿಂಡಿದರು. ಅದು ಸಾಧಾರಣ ವೈನಿಗಾಯಿತು. ಅಮ್ಮ ಒಂದು ಹಣ್ಣನ್ನೂ ಮುಟ್ಟಲಿಲ್ಲ. ಕೊಯ್ಲಿನವರಿಗೆ ಊಟ ಬಡಿಸಿ ಬದಿಗೆ ಸರಿಯುತ್ತಿದ್ದಳು. ಒಂದು ಮಧ್ಯಾಹ್ನ ಯೋಸೆಫ್ ಬಟಾಟೆಯ ಬುಟ್ಟಿ ತಂದು ಮೇಜಿನ ಮೇಲಿಟ್ಟು, ಅಮ್ಮನ ಕುರ್ಚಿ ಎಳೆದುಕೊಟ್ಟು, ತಮ್ಮ ಜಾಗದಲ್ಲಿ ಕುಳಿತು ಸುಲಿಯತೊಡಗಿದರು. ಅಮ್ಮ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕುಳಿತಳು. ತಾನೂ ಒಂದು ಬಟಾಟೆ ಎತ್ತಿಕೊಂಡಳು.

ಆ ವಾರವೇ ಗುಡ್ಡವನ್ನು ಪಕ್ಕದವರಿಗೆ ಬಿಟ್ಟುಕೊಡುವ ಮಾತು ಮುಗಿಯಿತು. ಊಟದ ಹೊತ್ತಿಗೆ ಅಮ್ಮನ ಹಳೆಯ ರಾಗ ಮಾತ್ರ ನಿಂತುಹೋಗಿತ್ತು. ಸುಮತಿ ಬಡಿಸುತ್ತಾ ಒಂದು ಕ್ಷಣ ತಡೆದು ಅಮ್ಮನ ಮುಖ ನೋಡುವಳು. ಅಮ್ಮ ತಟ್ಟೆ ನೋಡಿಕೊಂಡು ಉಣ್ಣುವಳು.

ಮತ್ತೆ ಫ್ರಾಂಕ್‌ಫರ್ಟ್

ಇದನ್ನು ಬರೆಯುವಾಗಲೂ ಸುಮತಿ ಅಲ್ಲೇ ಇದ್ದಾಳೆ. ನಾವು ಊರು ಮುಟ್ಟಿದ ಮೇಲೆ ಕಾಗದದ ಮೇಲೆ ಕಾಗದ ಬರೆದೆವು. ಅಷ್ಟರಲ್ಲಿ ಯೋಸೆಫ್ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮಾವನನ್ನು ಹೀಗೆ ಬಿಟ್ಟು ಹೇಗೆ ಬರಲಿ ಎಂದು ಬರೆದಳು, ಆಮೇಲೆ ಅದೇ ಅವಳ ಬದುಕಾಯಿತು. ಅವಳದ್ದು ತಪ್ಪೆಂದು ನಾನು ಹೇಳಲಾರೆ. ಕರೆಯುವುದಕ್ಕೂ ಒಂದು ಹೊತ್ತು ಎಂಬುದುಂಟು.

ಆ ಹೊತ್ತು ತಪ್ಪಿದ್ದು ವಿಮಾನ ನಿಲ್ದಾಣದಲ್ಲಿ. ಅಮ್ಮ ಮಗಳ ಕತ್ತರಿಸಿದ ಕೂದಲನ್ನು ಒಮ್ಮೆ ಸವರಿ, "ಹುಷಾರು ಮಗಾ," ಎಂದಷ್ಟೇ ಹೇಳಿ, ಹೆಂಗಸರ ತಪಾಸಣೆಯ ಪರದೆಯ ಒಳಗೆ ಹೋದಳು. ನಾನು ಹಿಂದೆ ಹೊರಟಾಗ ಸುಮತಿ ನನ್ನ ಅಂಗಿಯ ತೋಳು ಹಿಡಿದಳು.

"ಅಮ್ಮ ಆಮೇಲೆ ಒಮ್ಮೆಯೂ ಕರೀಲಿಲ್ಲ ಅಣ್ಣ. ನನ್ನ ಮೇಲೆ ಸಿಟ್ಟುಂಟಾ ಅವಳಿಗೆ? ಇವತ್ತು ಬೆಳಿಗ್ಗೆವರೆಗೆ ಕಾದೆ. ಕರೆದಿದ್ರೆ ಬರ್ತಿದ್ದೆ."

ಹಿಂದಿನವರು ದಬ್ಬಿದರು, ಸಮವಸ್ತ್ರದವನು ಕೈ ಬೀಸಿದ, ನಾನು ಒಳಗಿದ್ದೆ. ತಿರುಗಿ ನೋಡಿದರೆ ಜನರ ತಲೆಗಳು ಮಾತ್ರ ಕಂಡವು.

ವಿಮಾನದಲ್ಲಿ ಅಮ್ಮನಿಗೆ ಸೀಟಿನ ಪಟ್ಟಿ ಕಟ್ಟಿಕೊಟ್ಟೆ. ಕಿಟಕಿಯ ಹೊರಗೆ ನೋಡುತ್ತಾ ಅವಳೇ ಬಾಯಿ ಬಿಟ್ಟಳು.

"ಕರೀಬೇಕು ಅಂತ ಬಾಯಿಗೆ ಬಂದದ್ದು ಎಷ್ಟು ಸಲವೋ. ಗಂಟಲಲ್ಲೇ ನಿಂತಿತು. ಅವಳ ಗಂಡನ ಆಸೆಯನ್ನು ಹೊಳೆಗೆ ಹಾಕಿದವಳು ನಾನು. ಈಗ ಬಾ ಅಂದ್ರೆ, ಇದಕ್ಕೇ ಮಾಡಿದ್ದಾ ಅಂತ ಅವಳಿಗೆ ಅನಿಸ್ಲಿಕ್ಕಿಲ್ವಾ? ಯಾವ ಮುಖದಲ್ಲಿ ಕರೀಲಿ ಮಗಾ?"

ನನ್ನಿಂದ ತಡೆಯಲಾಗಲಿಲ್ಲ. ಸುಮತಿ ಹೇಳಿದ್ದನ್ನು ಹೇಳಿದೆ.

ಅಮ್ಮ ನನ್ನನ್ನು ನೋಡಿದಳು. ಮತ್ತೊಮ್ಮೆ ಹೇಳು ಎಂದಳು, ಮತ್ತೊಮ್ಮೆ ಹೇಳಿದೆ. ಪಟ್ಟಿ ಹೇಗೋ ಬಿಚ್ಚಿಕೊಂಡು ಎದ್ದು ನಿಂತಳು. ಕಟಪಾಡಿಯಲ್ಲಿ ಹೊರಟ ಬಸ್ಸನ್ನು ನಿಲ್ಲಿಸಲು ಕಂಡಕ್ಟರನ ಕೂಗು ಕೂಗಿ ಬಡಿಯುವ ಹಾಗೆ ಕಿಟಕಿಯ ಪಕ್ಕದ ಗೋಡೆಗೆ ಅಂಗೈಯಿಂದ ಬಡಿಯತೊಡಗಿದಳು.

"ಹೋಲ್ಡನ್! ಹೋಲ್ಡನ್! ನಿಲ್ಲಿಸ್ಲಿಕ್ಕೆ ಹೇಳು ಮಗಾ. ಹೆಚ್ಚು ಹೊತ್ತು ಬೇಡ. ಒಂದು ಮಾತು ಹೇಳಿ ಬರ್ತೇನೆ, ಒಂದೇ ಮಾತು."

ಗಗನಸಖಿ ಓಡಿಬಂದು ಅವಳ ಭುಜ ಹಿಡಿದು ಕೂರಿಸಿದಳು, ಏನಾಯಿತು ಎಂದು ನನ್ನನ್ನು ಕೇಳಿದಳು. ಅಮ್ಮ ಗೋಡೆಗೆ ಬಡಿಯುತ್ತಲೇ ಇದ್ದಳು. ವಿಮಾನ ಆಗಲೇ ನೆಲ ಬಿಟ್ಟಿತ್ತು.